ಬ್ರಿಟನ್‌ನಲ್ಲಿ ಒಬ್ಬ ಕ್ರೈಸ್ತಳಾಗಿ: ನಂಬಿಕೆ, ರಾಜಕೀಯ, ದಿನದ ಸುದ್ದಿ – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನ ಬಳಗದಲ್ಲಿ, ಬೆಳೆದವಳು. ಈಗ ಇಂಗ್ಲೆಂಡಿನಲ್ಲಿ ನರ್ಸ್. ಊರಿನವರು ಫೋನಿನಲ್ಲಿ, ಇಲ್ಲಿನ ಕನ್ನಡ ಬಳಗದವರು ಯುಗಾದಿ ಊಟದಲ್ಲಿ, ಚರ್ಚಿನವರು ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ನನ್ನವು, ಯಾವ ಚರ್ಚಿನ ಪರವಾಗಿಯೂ ಮಾತಾಡುತ್ತಿಲ್ಲ.

ಬ್ರಿಟನ್ ಕ್ರೈಸ್ತ ದೇಶ ತಾನೇ?

ಕಾನೂನಿನ ಲೆಕ್ಕದಲ್ಲಿ ಇಂಗ್ಲೆಂಡ್ ಹೌದು. ಅಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಅಧಿಕೃತ ಚರ್ಚು, ಅದರ ಮುಖ್ಯಸ್ಥ ದೊರೆ ಚಾರ್ಲ್ಸ್. 2023ರ ಮೇ 6ರಂದು ಅವರ ತಲೆಗೆ ಕಿರೀಟ ಇಟ್ಟವರು ಆ ಚರ್ಚಿನ ಅತಿ ಹಿರಿಯ ಬಿಷಪ್ ಆದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಬಿಷಪ್‌ಗಳಿಗೆ ಸೀಟು ಮೀಸಲು. ಕೆಳಮನೆಯಲ್ಲಿ ದಿನದ ಕಲಾಪ ಶುರುವಾಗುವುದೇ ಪ್ರಾರ್ಥನೆಯಿಂದ. ಆಗ ಸಂಸದರು ಎದ್ದು, ತಮ್ಮ ಬೆಂಚಿನ ಹಿಂದಿನ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.

ಆದರೆ ಬ್ರಿಟನ್ ಅಂದರೆ ಇಂಗ್ಲೆಂಡ್ ಒಂದೇ ಅಲ್ಲ. ವೇಲ್ಸ್‌ನಲ್ಲಿ 1920ರಿಂದ ಅಧಿಕೃತ ಚರ್ಚು ಅನ್ನುವುದೇ ಇಲ್ಲ. ಸ್ಕಾಟ್ಲೆಂಡಿನದು ಬಿಷಪ್‌ಗಳಿಲ್ಲದ ಪ್ರೆಸ್ಬಿಟೇರಿಯನ್ ಚರ್ಚು, ದೊರೆ ಅದರ ಮುಖ್ಯಸ್ಥರಲ್ಲ.

ಇನ್ನು ಜನರ ಲೆಕ್ಕ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ 46.2ರಷ್ಟು ಜನ ತಮ್ಮನ್ನು ಕ್ರೈಸ್ತರು ಎಂದು ಬರೆಸಿದರು. ಹತ್ತು ವರ್ಷದ ಹಿಂದೆ ಅದು ಶೇ 59.3 ಇತ್ತು. ಯಾವ ಧರ್ಮವೂ ಇಲ್ಲ ಎಂದವರು ಶೇ 37.2. ಹಾಗೆ ಬರೆಸಿದವರೆಲ್ಲ ಭಾನುವಾರ ಚರ್ಚಿಗೆ ಬರುತ್ತಾರೆ ಅಂತಲೂ ಅಲ್ಲ.

ಕರ್ನಾಟಕದಲ್ಲಿ 2011ರ ಜನಗಣತಿ ಪ್ರಕಾರ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಅಲ್ಲಿಂದ ಬಂದ ನಾನು ಇಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಗುಂಪಿನವಳಾದೆ. ಎರಡೂ ಕಡೆ ನಿಂತು ನೋಡಿದವಳಿಗೆ ಒಂದು ಪ್ರಶ್ನೆ ಮನಸ್ಸಿನಿಂದ ಹೋಗುವುದಿಲ್ಲ: ಹೆಚ್ಚು ಜನರ ಧರ್ಮದಿಂದ ಪಕ್ಕದ ಮನೆಯ ಬೇರೆಯವನಿಗೆ ನೆಮ್ಮದಿಯೋ, ಭಯವೋ? ಕೆಳಗಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಬಿಷಪ್‌ಗಳು ಸಂಸತ್ತಿನಲ್ಲಿ ಕೂರುವುದು ಸರಿಯಾ?

ಹುಟ್ಟಿದ ಮನೆತನದ ಹಾಗೆ, ಹಿಡಿದ ಹುದ್ದೆಯಿಂದ ಕಾನೂನು ಮಾಡುವ ಅಧಿಕಾರ ಸಿಗಬಾರದು ಅನ್ನುವವರ ಮಾತಿನಲ್ಲಿ ನ್ಯಾಯ ಇದೆ. ನಾಳೆ ಆ ಸೀಟುಗಳನ್ನು ತೆಗೆದುಹಾಕಿದರೆ ಸುವಾರ್ತೆಗೆ ಏನೂ ನಷ್ಟ ಆಗುವುದಿಲ್ಲ. ಆದರೆ ಕೂತಿರುವಷ್ಟು ದಿನ ಆ ಸೀಟನ್ನು ಯಾರ ಪರವಾಗಿ ಬಳಸುತ್ತಾರೆ ಎಂಬುದನ್ನು ನಾನು ನೋಡುತ್ತೇನೆ.

ಒಂದು ಉದಾಹರಣೆ. 2017ರ ಏಪ್ರಿಲ್‌ನಿಂದ ಸರ್ಕಾರ ಒಂದು ನಿಯಮ ತಂದಿತು. ಬಡ ಕುಟುಂಬಕ್ಕೆ ಮಕ್ಕಳ ಲೆಕ್ಕದಲ್ಲಿ ಸಿಗುವ ಸಹಾಯಧನ ಎರಡು ಮಕ್ಕಳಿಗೆ ಮಾತ್ರ. ಆಮೇಲೆ ಹುಟ್ಟಿದ ಮೂರನೇ ಮಗುವಿಗೆ ಇಲ್ಲ. ಆ ಮಗು ಏನು ತಪ್ಪು ಮಾಡಿತ್ತು? ಇದನ್ನು ತೆಗೆಯಿರಿ ಎಂದು ಡರಮ್‌ನ ಬಿಷಪ್ 2022ರಲ್ಲಿ ಲಾರ್ಡ್ಸ್‌ನಲ್ಲಿ ಖಾಸಗಿ ಮಸೂದೆಯನ್ನೇ ಮಂಡಿಸಿದರು. ಮಸೂದೆ ಪಾಸಾಗಲಿಲ್ಲ. ಮಕ್ಕಳ ಸಂಘಟನೆಗಳು, ಚರ್ಚುಗಳು ವರ್ಷಗಟ್ಟಲೆ ಒತ್ತಾಯ ಮಾಡುತ್ತಲೇ ಇದ್ದವು. ಕೊನೆಗೆ 2025ರ ನವೆಂಬರ್ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚೆಲ್ ರೀವ್ಸ್, 2026ರ ಏಪ್ರಿಲ್‌ನಿಂದ ಈ ಮಿತಿ ಇರುವುದಿಲ್ಲ ಎಂದು ಹೇಳಿದರು. ಆ ಸುದ್ದಿ ಕೇಳಿದ ದಿನ ನಾನು ದೇವರಿಗೆ ಸ್ತೋತ್ರ ಹೇಳಿದೆ.

ಧರ್ಮದವರು ರಾಜಕೀಯಕ್ಕೆ ಯಾಕೆ ಕೈ ಹಾಕಬೇಕು? ಸುಮ್ಮನೆ ಪ್ರಾರ್ಥನೆ ಮಾಡಿಕೊಂಡು ಇರಬಾರದಾ?

ಪ್ರಾರ್ಥನೆ ಮಾಡಿದವರೇ ಈ ದೇಶದ ರಾಜಕೀಯವನ್ನು ಬದಲಾಯಿಸಿದ್ದು. ಗುಲಾಮರ ವ್ಯಾಪಾರ ನಿಲ್ಲಿಸಲು ಸಂಸತ್ತಿನಲ್ಲಿ ಇಪ್ಪತ್ತು ವರ್ಷ ಹಟ ಹಿಡಿದ ವಿಲಿಯಂ ವಿಲ್ಬರ್‌ಫೋರ್ಸ್ ಭಕ್ತ ಕ್ರೈಸ್ತ. 1807ರಲ್ಲಿ ವ್ಯಾಪಾರ ನಿಂತಿತು. 1833ರಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನು ಬಂತು. ಲೇಬರ್ ಪಕ್ಷ ಕಟ್ಟಿದವರಲ್ಲಿ ಮೊದಲಿಗರಾದ ಕೀರ್ ಹಾರ್ಡಿ ಚಿಕ್ಕ ಹುಡುಗನಾಗಿದ್ದಾಗಲೇ ಗಣಿಗೆ ಇಳಿದವರು. ಅವರು ಚರ್ಚುಗಳಲ್ಲಿ ಪ್ರಸಂಗ, ಅಂದರೆ ಧರ್ಮಬೋಧನೆ, ಮಾಡುತ್ತಿದ್ದವರು ಕೂಡ. ಅತ್ತ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಮೆಥಡಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದ ಪ್ರಸಂಗಿಯ ಮಗಳು. 1985ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ನಗರಗಳ ಬಡತನದ ಬಗ್ಗೆ ಒಂದು ವರದಿ ತಂದಾಗ ಥ್ಯಾಚರ್ ಸರ್ಕಾರದವರು ಸಿಟ್ಟಾದರು. ಇದು ಮಾರ್ಕ್ಸ್‌ವಾದ ಎಂಬ ಮಾತೂ ಬಂತು. 1988ರಲ್ಲಿ ಥ್ಯಾಚರ್ ಸ್ವತಃ ಎಡಿನ್‌ಬರೋಗೆ ಹೋಗಿ, ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯ ಮುಂದೆ ತಮ್ಮ ಆರ್ಥಿಕ ನೀತಿಗೆ ಬೈಬಲ್‌ನ ಆಧಾರ ಕೊಟ್ಟು ಮಾತಾಡಿದರು. ಅಂದರೆ ಎರಡೂ ಕಡೆಯವರು ಒಂದೇ ಪುಸ್ತಕ ಹಿಡಿದು ವಾದ ಮಾಡಿದವರು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಗುಲಾಮಗಿರಿ ರದ್ದಾದಾಗ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ. ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್ ಪರಂಪರೆಯ) ಮಿಷನ್ ಸಂಸ್ಥೆಯೊಂದು ಬಾರ್ಬಡೋಸ್‌ನಲ್ಲಿ ಕಬ್ಬಿನ ತೋಟಗಳನ್ನೂ ಅದರಲ್ಲಿ ದುಡಿಯುವ ಗುಲಾಮರನ್ನೂ ಇಟ್ಟುಕೊಂಡಿತ್ತು. ಚರ್ಚಿನ ಹಳೆಯ ನಿಧಿಯೊಂದರ ಹಣ ಗುಲಾಮರನ್ನು ಸಾಗಿಸುವ ಕಂಪನಿಯಲ್ಲಿ ಹೂಡಿಕೆಯಾಗಿತ್ತು ಎಂದು ಚರ್ಚೇ ತನಿಖೆ ಮಾಡಿಸಿ ಒಪ್ಪಿಕೊಂಡಿತು. 2023ರ ಜನವರಿಯಲ್ಲಿ ಅದಕ್ಕಾಗಿ 10 ಕೋಟಿ ಪೌಂಡ್ ತೆಗೆದಿಡುವುದಾಗಿ ಹೇಳಿತು. ಚರ್ಚಿನ ದುಡ್ಡನ್ನು ಸಭೆಗಳಿಗೇ ಖರ್ಚು ಮಾಡಬೇಕು ಎಂದು ಕೆಲವರು ಗೊಣಗಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಬೈಬಲ್‌ನಲ್ಲಿ ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದಿದ್ದ, ಅಲ್ವಾ?

ಹಾಗಾದರೆ ಕ್ರೈಸ್ತರು ಯಾವ ಪಕ್ಷಕ್ಕೆ ಓಟು ಹಾಕಬೇಕು?

ನಮ್ಮ ಸಭೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಬೇರೆ ಬೇರೆ ಪಕ್ಷಕ್ಕೆ ಹಾಕುತ್ತಾರೆ. ಅದು ಹಾಗೇ ಇರಲಿ. ಇಂಥ ಪಕ್ಷಕ್ಕೇ ಹಾಕಿ ಎಂದು ಪ್ರಸಂಗ ಪೀಠದಿಂದ ಹೇಳುವ ಸಭಾಪಾಲಕರು (ಪಾದ್ರಿಗಳು) ಎಲ್ಲೇ ಇದ್ದರೂ ನಾನು ಒಪ್ಪುವುದಿಲ್ಲ.

ಅಷ್ಟು ಶ್ರೀಮಂತ ದೇಶದಲ್ಲಿ ಫುಡ್ ಬ್ಯಾಂಕ್ ಅಂದರೆ ಏನು? ಜನ ನಿಜವಾಗಿಯೂ ಹಸಿದಿರುತ್ತಾರಾ?

ಊರಿನವರು ಇದನ್ನು ನಂಬುವುದೇ ಇಲ್ಲ. ನಾನೂ ಬಂದ ಹೊಸದರಲ್ಲಿ ನಂಬಿರಲಿಲ್ಲ. ಫುಡ್ ಬ್ಯಾಂಕ್ ಅಂದರೆ ಊಟಕ್ಕೆ ಕಷ್ಟ ಇರುವವರಿಗೆ ದುಡ್ಡಿಲ್ಲದೆ ದಿನಸಿ ಕೊಡುವ ಜಾಗ.

ಟ್ರಸಲ್ ಎಂಬ ಸಂಸ್ಥೆ 2000ನೇ ಇಸವಿಯಲ್ಲಿ ಸಾಲ್ಸ್‌ಬರಿ ಊರಿನಲ್ಲಿ ಮೊದಲ ಫುಡ್ ಬ್ಯಾಂಕ್ ಶುರು ಮಾಡಿತು. ಈಗ ಅದರ ಜಾಲ ಇಡೀ ದೇಶದಲ್ಲಿದೆ. 2023–24ರ ಒಂದೇ ವರ್ಷದಲ್ಲಿ 31 ಲಕ್ಷ ಪಾರ್ಸೆಲ್ ಹಂಚಿದರು. ಇದರ ಹೊರಗೆ ಮಸೀದಿ, ಗುರುದ್ವಾರ, ಕಾಲೊನಿ ಸಂಘಗಳು ನಡೆಸುವವು ಬೇರೆ ಇವೆ. ಬಹಳಷ್ಟು ಫುಡ್ ಬ್ಯಾಂಕ್‌ಗಳು ನಡೆಯುವುದು ಚರ್ಚಿನ ಹಾಲ್‌ಗಳಲ್ಲೇ.

ನಮ್ಮಲ್ಲಿ ಕೆಲಸ ಹೀಗೆ ನಡೆಯುತ್ತದೆ. ಸೂಪರ್ ಮಾರ್ಕೆಟ್ ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಜನ ಹಾಕಿದ ಡಬ್ಬಿಗಳು ಕ್ರೇಟ್‌ಗಳಲ್ಲಿ ಬರುತ್ತವೆ. ಒಂದೊಂದರ ತಾರೀಖು ನೋಡಿ, ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಬೇಗ ಮುಗಿಯುವುದನ್ನು ಶೆಲ್ಫಿನ ಮುಂದಕ್ಕೆ ಇಡಬೇಕು. ಬೇಕ್ಡ್ ಬೀನ್ಸ್, ಪಾಸ್ತಾ, ಟೊಮೆಟೊ ಡಬ್ಬಿ, ಮೀನಿನ ಡಬ್ಬಿ, ಕೆಡದ ಹಾಲಿನ ಪ್ಯಾಕೆಟ್, ಟೀ ಬ್ಯಾಗ್, ಮಕ್ಕಳ ಡೈಪರ್. ಡಾಕ್ಟರೋ ಶಾಲೆಯವರೋ ಸಲಹಾ ಕೇಂದ್ರದವರೋ ಕೊಟ್ಟ ವೋಚರ್ ಹಿಡಿದು ಜನ ಬರುತ್ತಾರೆ. ಅದರಲ್ಲಿ ಮನೆಯಲ್ಲಿ ಎಷ್ಟು ಜನ ಎಂದು ಬರೆದಿರುತ್ತದೆ. ಅಷ್ಟು ಜನರಿಗೆ ಮೂರು ದಿನಕ್ಕೆ ಆಗುವಷ್ಟು ಚೀಲಕ್ಕೆ ತುಂಬುತ್ತೇವೆ. ತುಂಬುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಅಡುಗೆ ಮಾಡಲು ಮನೆಯಲ್ಲಿ ಏನಿದೆ? ಗ್ಯಾಸಿಗೆ, ಕರೆಂಟಿಗೆ ದುಡ್ಡು ಹಾಕಲಾಗದವರಿಗೆ ಪಾಸ್ತಾ ಕೊಟ್ಟು ಏನು ಪ್ರಯೋಜನ? ಅವರಿಗೆ ಬೇರೆ ಚೀಲ. ಬಿಸಿನೀರು ಹಾಕಿದರೆ ಸಾಕಾಗುವ ನೂಡಲ್ಸ್, ಸೂಪ್ ಪುಡಿ, ಹಾಗೇ ತಿನ್ನುವ ಬಿಸ್ಕತ್ತು. ಬಂದವರಲ್ಲಿ ಕೆಲಸ ಇರುವವರೂ ಇರುತ್ತಾರೆ. ಆಫೀಸು ಕ್ಲೀನ್ ಮಾಡುವವರು, ವೃದ್ಧಾಶ್ರಮದಲ್ಲಿ ಕೆಲಸ ಮಾಡುವವರು. ಬಾಡಿಗೆ ಕಟ್ಟಿದ ಮೇಲೆ ಸಂಬಳದಲ್ಲಿ ಉಳಿಯುವುದು ಅಷ್ಟೇ.

ಚರ್ಚು ಹೀಗೆ ಹಂಚುತ್ತಾ ಕೂತರೆ ಸರ್ಕಾರ ತನ್ನ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದಿಲ್ಲವಾ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹಸಿದವನಿಗೆ ಇವತ್ತು ಊಟ ಕೊಡಬೇಕು, ಅವನು ಯಾಕೆ ಹಸಿದ ಎಂದು ಸಂಸದರಿಗೆ ಕಾಗದವನ್ನೂ ಬರೆಯಬೇಕು. ಫುಡ್ ಬ್ಯಾಂಕ್ ನಡೆಸುವವರೇ ತಮ್ಮ ಅಗತ್ಯ ಇಲ್ಲದಿರುವ ದಿನ ಬರಲಿ ಎಂದು ಹೋರಾಡುತ್ತಿದ್ದಾರೆ.

ಮೆರವಣಿಗೆಗಳಲ್ಲಿ ಶಿಲುಬೆ ಹಿಡಿದುಕೊಂಡು ವಲಸಿಗರು ಬೇಡ ಅನ್ನುತ್ತಾರಲ್ಲ, ನಿಮಗೆ ಏನನ್ನಿಸುತ್ತದೆ?

ನೋವಾಗುತ್ತದೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಡಾನ್ಸ್ ಕ್ಲಾಸಿಗೆ ಹೋಗಿದ್ದ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಒಬ್ಬ ಹುಡುಗ ಚಾಕುವಿನಿಂದ ಕೊಂದ. ದೋಣಿಯಲ್ಲಿ ಬಂದ ಮುಸ್ಲಿಂ ವಲಸಿಗನೇ ಕೊಂದದ್ದು ಎಂಬ ಸುಳ್ಳು ಕೆಲವೇ ಗಂಟೆಗಳಲ್ಲಿ ಮೊಬೈಲುಗಳಲ್ಲಿ ಹರಡಿತು. ಅವನು ಬ್ರಿಟನ್‌ನಲ್ಲೇ ಹುಟ್ಟಿದವನು. ಮರುದಿನ ಅಲ್ಲಿನ ಮಸೀದಿಯ ಮೇಲೆ ದಾಳಿಯಾಯಿತು. ಆಮೇಲೆ ಊರೂರಿಗೆ ಗಲಭೆ ಹಬ್ಬಿತು. ರಾದರಮ್ ಹತ್ತಿರ ಆಶ್ರಯ ಕೇಳಿ ಬಂದವರು ತಂಗಿದ್ದ ಹೋಟೆಲಿಗೆ, ಒಳಗೆ ಜನ ಇರುವಾಗಲೇ ಬೆಂಕಿ ಇಡಲು ನೋಡಿದರು. ಸಂಡರ್‌ಲ್ಯಾಂಡಿನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸ್‌ನ ನರ್ಸ್‌ಗಳ ಮೇಲೆ ಕಲ್ಲು ತೂರಿದರು. ಆ ವಾರ ನಮ್ಮ ವಾರ್ಡಿನಲ್ಲಿ ಕಂದು ಬಣ್ಣದವರು, ಕಪ್ಪು ಬಣ್ಣದವರು ಯಾರೂ ರಾತ್ರಿ ಶಿಫ್ಟ್ ಮುಗಿಸಿ ಒಬ್ಬರೇ ಬಸ್ ಸ್ಟಾಪಿಗೆ ನಡೆಯಲಿಲ್ಲ. ಕಾರಿದ್ದವರು ಇಲ್ಲದವರನ್ನು ಮನೆ ಬಾಗಿಲವರೆಗೆ ಬಿಟ್ಟು ಬಂದರು. ಸೌತ್‌ಪೋರ್ಟಿನ ಜನ ಮರುದಿನವೇ ಸಿಮೆಂಟು, ಇಟ್ಟಿಗೆ ತಂದು ಮಸೀದಿಯ ಗೋಡೆ ಕಟ್ಟಿಕೊಟ್ಟರು. ಅದೂ ಇದೇ ಇಂಗ್ಲೆಂಡ್.

2025ರ ಸೆಪ್ಟೆಂಬರ್ 13ರಂದು ತೀವ್ರ ಬಲಪಂಥೀಯ ಹೋರಾಟಗಾರ ಟಾಮಿ ರಾಬಿನ್ಸನ್ ಕರೆದ ಲಂಡನ್ ಮೆರವಣಿಗೆಗೆ ಒಂದು ಲಕ್ಷಕ್ಕೂ ಜಾಸ್ತಿ ಜನ ಸೇರಿದರು. ಬಾವುಟಗಳ ನಡುವೆ ಮರದ ಶಿಲುಬೆಗಳು, ಕ್ರಿಸ್ತನ ಹೆಸರಿನ ಘೋಷಣೆಗಳು. ಬಂದವರೆಲ್ಲ ದ್ವೇಷಿಗಳಲ್ಲ, ಅದು ನನಗೆ ಗೊತ್ತು. ಮನೆ ಸಿಗುತ್ತಿಲ್ಲ, ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ, ಊರಿನ ಕಾರ್ಖಾನೆ ಮುಚ್ಚಿದೆ ಎಂಬ ಅವರ ಸಂಕಟ ನಿಜ. ಎಷ್ಟು ಜನ ವಲಸೆ ಬರಬೇಕು ಎಂದು ಒಂದು ದೇಶ ಚರ್ಚೆ ಮಾಡುವುದರಲ್ಲೂ ತಪ್ಪಿಲ್ಲ. ಆದರೆ ಶಿಲುಬೆಯನ್ನು ಪರದೇಶಿಯ ಮುಖಕ್ಕೆ ಹಿಡಿಯುವುದು ಬೇರೆ ಮಾತು. ಯೇಸು ಸ್ವಾಮಿಯೇ ರಾಜ ಹೆರೋದನಿಗೆ ಹೆದರಿ ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿದ ಕುಟುಂಬದ ಕೂಸು. ಕೊನೆಯ ತೀರ್ಪಿನ ಬಗ್ಗೆ ಅವರೇ ಹೇಳಿದ್ದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ: ಹಸಿದವನಿಗೆ ಕೊಟ್ಟಿರಾ, ಪರದೇಶಿಯನ್ನು ಸೇರಿಸಿಕೊಂಡಿರಾ? ನಿನ್ನ ಬಾವುಟ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಇಂಗ್ಲೆಂಡಿನ ಬಾವುಟದಲ್ಲಿರುವುದು ಸಂತ ಜಾರ್ಜರ ಶಿಲುಬೆ, ಆ ಸಂತರೂ ಇಂಗ್ಲೆಂಡಿನವರಲ್ಲ. ಅವರ ಬೇರು ಇಂದಿನ ಟರ್ಕಿ, ಪ್ಯಾಲೆಸ್ಟೈನ್ ಕಡೆಯದು ಎನ್ನುತ್ತದೆ ಪರಂಪರೆ.

ಚರ್ಚಿನ ನಾಯಕರು ಇಂಥ ಹೊತ್ತಿನಲ್ಲಿ ಬಾಯಿ ಬಿಟ್ಟಿದ್ದಾರೆ. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸುತ್ತೇವೆ ಎಂದು 2022ರಲ್ಲಿ ಅಂದಿನ ಸರ್ಕಾರ ಹೊರಟಾಗ, ಲಾರ್ಡ್ಸ್‌ನ ಬಿಷಪ್‌ಗಳು ಒಟ್ಟಾಗಿ ಪತ್ರಿಕೆಗೆ ಕಾಗದ ಬರೆದು, ಈ ನೀತಿ ಅನೈತಿಕ, ದೇಶಕ್ಕೆ ನಾಚಿಕೆ ಅಂದರು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆ ಕಾನೂನುಬಾಹಿರ ಅಂದಿತು. 2024ರ ಜುಲೈನಲ್ಲಿ ಬಂದ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು.

ಊರಿನಲ್ಲಿ ಅಲ್ಪಸಂಖ್ಯಾತಳಾಗಿ ಬೆಳೆದ ನನಗೆ, ದೇವರ ಹೆಸರು ಕೂಗುತ್ತಾ ಬರುವ ದೊಡ್ಡ ಗುಂಪು ಸಣ್ಣ ಗುಂಪಿನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಗೊತ್ತು. ಆ ಕೂಗು ನನ್ನ ಸ್ವಾಮಿಯ ಹೆಸರಿನಲ್ಲಿ ಯಾರ ಕಿವಿಗೂ ಬೀಳಬಾರದು.

ಹಿಂದೂ ಪ್ರಧಾನಿ ಬೈಬಲ್ ಓದಿದ್ದು ನಿಜವಾ?

ನಿಜ. ದೊರೆ ಚಾರ್ಲ್ಸ್ ಅವರ ಪಟ್ಟಾಭಿಷೇಕದ ದಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಂದಿನ ಪ್ರಧಾನಿ ರಿಷಿ ಸುನಕ್ ಬೈಬಲ್‌ನ ಒಂದು ಭಾಗವಾದ, ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ ಓದಿದರು. ಸಂಸದರಾಗಿ ಪ್ರಮಾಣ ವಚನ ತೆಗೆದುಕೊಂಡಿದ್ದು ಭಗವದ್ಗೀತೆಯ ಮೇಲೆ. ಅವರ ಹೆಂಡತಿ ಅಕ್ಷತಾ ಹುಬ್ಬಳ್ಳಿಯಲ್ಲಿ ಹುಟ್ಟಿದವರು, ಹಾಗಾಗಿ ಕನ್ನಡದವರಿಗೆ ಇದು ಮನೆ ಸುದ್ದಿಯೇ. ಅವರ ನಂತರ ಪ್ರಧಾನಿಯಾದ ಕೀರ್ ಸ್ಟಾರ್ಮರ್ ದೇವರನ್ನು ನಂಬುವವರಲ್ಲ. ಅಧಿಕೃತ ಚರ್ಚು ಇರುವ ದೇಶದಲ್ಲಿ ಒಬ್ಬ ಹಿಂದೂ, ಅವರ ಹಿಂದೆಯೇ ಒಬ್ಬ ನಾಸ್ತಿಕ ಪ್ರಧಾನಿಯಾದರು. ಆಳುವವರ ನಂಬಿಕೆ ಯಾವುದು ಎಂಬುದಕ್ಕಿಂತ ಅವರು ಬಡವರಿಗೆ ಏನು ಮಾಡಿದರು ಎಂದು ನಾನು ಕೇಳುತ್ತೇನೆ.

ಸಾಯಲು ನೆರವು ಕೊಡುವ ಮಸೂದೆಯ ಬಗ್ಗೆ ನಿಮ್ಮ ನಿಲುವು?

ಇಂಗ್ಲೆಂಡ್, ವೇಲ್ಸ್‌ನಲ್ಲಿ ಆರು ತಿಂಗಳೊಳಗೆ ಸಾಯುತ್ತಾರೆ ಎಂದು ವೈದ್ಯರು ಹೇಳಿದ ವಯಸ್ಕ ರೋಗಿ, ತಾನೇ ಕೇಳಿಕೊಂಡರೆ, ಜೀವ ಮುಗಿಸಿಕೊಳ್ಳಲು ಔಷಧಿ ಕೊಡಬಹುದು ಎನ್ನುವ ಮಸೂದೆ ಇದು. ಸಂಸದೆ ಕಿಮ್ ಲೆಡ್‌ಬೀಟರ್ ತಂದದ್ದು. 2025ರ ಜೂನ್ 20ರಂದು ಕೆಳಮನೆಯಲ್ಲಿ 314–291 ಮತಗಳಿಂದ ಗೆದ್ದು ಲಾರ್ಡ್ಸ್‌ಗೆ ಹೋಯಿತು. ಬಿಷಪ್‌ಗಳು ವಿರೋಧ. ಆದರೆ ಹಿಂದಿನ ಆರ್ಚ್‌ಬಿಷಪ್ ಜಾರ್ಜ್ ಕೇರಿ ಪರ. ಹಾಗಾಗಿ ಕ್ರೈಸ್ತರೆಲ್ಲ ಒಂದೇ ಕಡೆ ಅಂತ ಹೇಳಲಾಗದು.

ನಾನು ವಿರೋಧ. ಆದರೆ ಪರ ಇರುವವರನ್ನು ಕಲ್ಲು ಮನಸ್ಸಿನವರು ಅನ್ನಲಾರೆ. ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದವರ ಹಾಸಿಗೆ ಪಕ್ಕ ನಿಂತವರು ಯಾರೂ ಹಾಗೆ ಅನ್ನಲಾರರು. ನನ್ನ ಭಯ ಬೇರೆ. ವಾರ್ಡಿನಲ್ಲಿ ವಯಸ್ಸಾದವರು ತುಂಬಾ ಸಲ ಹೇಳುವ ಮಾತು, "ಮಕ್ಕಳಿಗೆ ನಾನು ಹೊರೆಯಾದೆ". ನೀರು ಕೇಳುವುದಕ್ಕೂ ಕ್ಷಮೆ ಕೇಳುತ್ತಾರೆ. ಅಂಥವರ ಮುಂದೆ ಕಾನೂನೇ ಈ ಆಯ್ಕೆ ತಂದಿಟ್ಟರೆ, ಬೇಡ ಎನ್ನಲು ಅವರು ಕಾರಣ ಹುಡುಕಬೇಕಾಗುತ್ತದೆ. ಅಂಗವಿಕಲರ ಸಂಘಟನೆಗಳು ಹೆದರುವುದೂ ಇದಕ್ಕೇ.

ಇನ್ನೊಂದು ದಾರಿ ಇದೇ ದೇಶದಲ್ಲಿ ಹುಟ್ಟಿದೆ. ಸಿಸಿಲಿ ಸಾಂಡರ್ಸ್ ಎಂಬ ಭಕ್ತೆ ಮೊದಲು ನರ್ಸ್ ಆಗಿದ್ದರು, ಆಮೇಲೆ ಡಾಕ್ಟರಾದರು. 1967ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಹಾಸ್ಪಿಸ್ ಅಂದರೆ ಸಾವಿನ ಹತ್ತಿರ ಇರುವ ರೋಗಿಗಳನ್ನು ನೋಡಿಕೊಳ್ಳುವ ಆರೈಕೆ ಮನೆ. ನೋವು ಬಂದ ಮೇಲೆ ಮದ್ದು ಕೊಡುವುದಲ್ಲ, ಬರದ ಹಾಗೆ ಹೊತ್ತು ಹೊತ್ತಿಗೆ ಮಾರ್ಫಿನ್ ಕೊಡಬೇಕು ಎಂದು ತೋರಿಸಿದವರು ಅವರು. ಇವತ್ತು ಜಗತ್ತಿನ ಎಲ್ಲ ಕಡೆ ನಡೆಯುವ ಉಪಶಾಮಕ ಆರೈಕೆಗೆ (ಪ್ಯಾಲಿಯೇಟಿವ್ ಕೇರ್) ಅದೇ ಬುಡ. ಆದರೂ ಇಲ್ಲಿನ ಹಾಸ್ಪಿಸ್‌ಗಳು ಹೆಚ್ಚಾಗಿ ನಡೆಯುವುದು ಜನರ ದಾನದಿಂದ, ಹಳೆ ಬಟ್ಟೆ ಮಾರುವ ಅಂಗಡಿಗಳಿಂದ, ಮ್ಯಾರಥಾನ್ ಓಡಿ ಎತ್ತಿದ ಹಣದಿಂದ. ಮೊದಲು ಅದಕ್ಕೆ ಸರ್ಕಾರ ದುಡ್ಡು ಕೊಡಲಿ.

ಆರ್ಚ್‌ಬಿಷಪ್ ರಾಜೀನಾಮೆ ಕೊಟ್ಟಿದ್ದು ಯಾಕೆ?

ಜಾನ್ ಸ್ಮೈತ್ ಎಂಬ ವಕೀಲ ಕ್ರೈಸ್ತ ಬೇಸಿಗೆ ಶಿಬಿರಗಳ ನೆಪದಲ್ಲಿ ಹುಡುಗರನ್ನು ಮೈ ರಕ್ತ ಬರುವ ಹಾಗೆ ಹೊಡೆದು ಹಿಂಸಿಸಿದ. ಮೊದಲು ಇಂಗ್ಲೆಂಡಿನಲ್ಲಿ, ಆಮೇಲೆ ಆಫ್ರಿಕಾದಲ್ಲಿ. ನೂರಕ್ಕೂ ಹೆಚ್ಚು ಹುಡುಗರು. ಚರ್ಚಿನ ಕೆಲವರಿಗೆ ದಶಕಗಳಿಂದ ಗೊತ್ತಿತ್ತು, ಮುಚ್ಚಿಟ್ಟರು. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿಗೆ 2013ರಲ್ಲಿ ವಿಷಯ ತಿಳಿದ ಮೇಲೂ ಮಾಡಬೇಕಾದಷ್ಟು ಮಾಡಲಿಲ್ಲ ಎಂದು 2024ರ ನವೆಂಬರ್‌ನಲ್ಲಿ ತನಿಖಾ ವರದಿ ಹೇಳಿತು. ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಘೋಷಿಸಿದರು. ಸ್ಮೈತ್ ಯಾವ ಕೋರ್ಟಿಗೂ ಉತ್ತರ ಕೊಡದೆ 2018ರಲ್ಲಿ ಸತ್ತ.

ಇದನ್ನು ಮಾತಾಡಿ ಚರ್ಚಿನ ಮರ್ಯಾದೆ ಯಾಕೆ ತೆಗೆಯುತ್ತೀರಿ ಎಂದು ನನ್ನನ್ನು ಕೇಳಿದವರಿದ್ದಾರೆ. ಮರ್ಯಾದೆ ಹೋದದ್ದು ಮುಚ್ಚಿಟ್ಟದ್ದರಿಂದ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆ ಈಗ ಇಲ್ಲಿ ಕಡ್ಡಾಯ, ಪ್ರತಿ ಸಭೆಯಲ್ಲೂ ಮಕ್ಕಳ ಸುರಕ್ಷತೆ ನೋಡಿಕೊಳ್ಳುವವರೊಬ್ಬರು ಇರಬೇಕು. ಊರಿನ ನಮ್ಮ ಸಭೆಗಳಿಗೂ ಈ ಶಿಸ್ತು ಬರಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಈಗ ಆ ಜಾಗಕ್ಕೆ ಹೆಂಗಸು ಬಂದಿದ್ದಾರಂತೆ?

ಹೌದು, ಸಾರಾ ಮುಲ್ಲಲಿ. 2025ರ ಅಕ್ಟೋಬರ್ 3ರಂದು ಹೆಸರು ಘೋಷಣೆಯಾಯಿತು. ಆ ಪೀಠಕ್ಕೆ ಹೆಸರಿಸಿದ 106ನೆಯವರು, ಮೊದಲ ಮಹಿಳೆ. ಅದಕ್ಕೂ ಮೊದಲು ಲಂಡನ್ನಿನ ಬಿಷಪ್, ಇನ್ನೂ ಮೊದಲು ಕ್ಯಾನ್ಸರ್ ನರ್ಸ್, ಆಮೇಲೆ ಇಡೀ ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿ. ನಮ್ಮ ವಾರ್ಡಿನಲ್ಲಿ ದೇವರನ್ನು ನಂಬದವರೂ ಆ ದಿನ ಖುಷಿಪಟ್ಟರು. ಮಹಿಳೆ ಆರ್ಚ್‌ಬಿಷಪ್ ಆಗುವುದನ್ನು ಒಪ್ಪದ ಆಂಗ್ಲಿಕನ್ನರು ಇಲ್ಲೂ ಇದ್ದಾರೆ, ಆಫ್ರಿಕಾದಲ್ಲಿ ಇನ್ನೂ ಜಾಸ್ತಿ.

ಬ್ರಿಟನ್‌ನಲ್ಲಿ ಕ್ರೈಸ್ತರಿಗೆ ಕಿರುಕುಳ ಇದೆಯಾ?

ಇರಿಸುಮುರಿಸು ಇದೆ, ಕಿರುಕುಳ ಅನ್ನಲಾರೆ. 2017ರಲ್ಲಿ ಲಿಬರಲ್ ಡೆಮಾಕ್ರಾಟ್ ನಾಯಕ ಟಿಮ್ ಫ್ಯಾರನ್, ಪಕ್ಷದ ನಾಯಕನಾಗಿರುವುದು ಮತ್ತು ಬೈಬಲ್ ಪ್ರಕಾರ ಬದುಕುವುದು ಎರಡೂ ಒಟ್ಟಿಗೆ ಆಗುತ್ತಿಲ್ಲ ಎಂದು ಹೇಳಿ ಹುದ್ದೆ ಬಿಟ್ಟರು. ಅದು ಯೋಚಿಸಬೇಕಾದ ವಿಷಯವೇ. ಗರ್ಭಪಾತದ ಕ್ಲಿನಿಕ್‌ಗಳ ಸುತ್ತ 150 ಮೀಟರ್ ಒಳಗೆ ಯಾರ ಮನಸ್ಸನ್ನೂ ತಿರುಗಿಸಲು ನೋಡಬಾರದು ಎಂಬ ಕಾನೂನು 2024ರ ಅಕ್ಟೋಬರ್ 31ರಿಂದ ಇದೆ. ಮೌನ ಪ್ರಾರ್ಥನೆಯೂ ಅದರಲ್ಲಿ ಬರುತ್ತದಾ ಎಂಬ ಜಗಳ ನಡೆಯುತ್ತಲೇ ಇದೆ. ಮನಸ್ಸಿನೊಳಗಿನ ಪ್ರಾರ್ಥನೆಯನ್ನು ಪೊಲೀಸರು ಅಳೆಯಬಾರದು. ಹಾಗೆಯೇ, ಕಷ್ಟದಲ್ಲಿ ಬಂದ ಹೆಣ್ಣಿನ ದಾರಿಗೆ ಅಡ್ಡ ನಿಂತು ಪ್ರಾರ್ಥಿಸುವುದು ನನಗೆ ಪ್ರೀತಿ ಅನ್ನಿಸುವುದಿಲ್ಲ.

ಆದರೆ ಭಾನುವಾರ ಬಾಗಿಲು ತೆರೆದು ಹಾಡುತ್ತೇವೆ, ಗುಡ್ ಫ್ರೈಡೇ ಸರ್ಕಾರಿ ರಜೆ, ಚರ್ಚ್ ಶಾಲೆಗಳಿಗೆ ಸರ್ಕಾರದ ದುಡ್ಡು. ಇದನ್ನು ಕಿರುಕುಳ ಎಂದರೆ, ಆರಾಧನೆಗೆ ಕೂಡುವುದಕ್ಕೂ ಹೆದರುವ ಬೇರೆ ದೇಶದ ಸಭೆಗಳಿಗೆ ಅನ್ಯಾಯವಾಗುತ್ತದೆ.

ಸಲಿಂಗಿಗಳ ಮದುವೆ?

2014ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಕಾನೂನುಬದ್ಧ. ಚರ್ಚ್ ಆಫ್ ಇಂಗ್ಲೆಂಡ್ ಮದುವೆ ಮಾಡಿಸುವುದಿಲ್ಲ, 2023ರ ಡಿಸೆಂಬರ್‌ನಿಂದ ಆಶೀರ್ವಾದದ ಪ್ರಾರ್ಥನೆ ಮಾಡಬಹುದು. ಮೆಥಡಿಸ್ಟರು ಮದುವೆಗೇ ಒಪ್ಪಿದ್ದಾರೆ, ಕ್ಯಾಥೊಲಿಕರು ಒಪ್ಪಿಲ್ಲ. ನಮ್ಮ ಸಭೆಯಲ್ಲಿ ಎರಡೂ ಅಭಿಪ್ರಾಯದವರು ಆರಾಧನೆಯಲ್ಲಿ ಒಂದೇ ರೊಟ್ಟಿ ಮುರಿದು ತಿನ್ನುತ್ತಾರೆ. ಯಾರನ್ನೂ ಬಾಗಿಲಲ್ಲಿ ತಡೆಯಬಾರದು ಎಂಬ ವಿಷಯದಲ್ಲಿ ನಾನು ಗಟ್ಟಿ.

ಲಂಡನ್ನಿಗೆ ಬಂದರೆ ಇದನ್ನೆಲ್ಲ ನೋಡಲು ಎಲ್ಲಿಗೆ ಹೋಗಬೇಕು?

ಲ್ಯಾಂಬೆತ್ ಸೇತುವೆಗೆ ಹೋಗಿ. ಒಂದು ದಡದಲ್ಲಿ ಸಂಸತ್ತು, ಎದುರು ದಡದಲ್ಲಿ ಆರ್ಚ್‌ಬಿಷಪ್ ಅವರ ಲ್ಯಾಂಬೆತ್ ಅರಮನೆ. ಅಲ್ಲೇ ಹತ್ತಿರ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲ್ ಓಡಾಡಿ ಹಾಕಿಸಿದ್ದು, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಊರಿಂದ ಬಂದವರನ್ನು ನಾನು ತಪ್ಪದೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ನಾನು ಭಾರತದ ಪಾಸ್‌ಪೋರ್ಟ್‌ನವನು. ಇಲ್ಲಿನ ರಾಜಕೀಯ ನನಗೆ ಯಾಕೆ, ನನಗೆ ಓಟು ಇಲ್ವಲ್ಲ?

ಇದೆ! ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಭಾರತದಂಥ ಕಾಮನ್‌ವೆಲ್ತ್ ದೇಶದವರು ವೀಸಾದ ಮೇಲೆ ಇಲ್ಲಿ ವಾಸ ಮಾಡುತ್ತಿದ್ದರೆ ಸಂಸತ್ ಚುನಾವಣೆಯಲ್ಲೂ ಕೌನ್ಸಿಲ್ ಚುನಾವಣೆಯಲ್ಲೂ ಓಟು ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ. ಕೆಲವು ನಿಮಿಷದ ಕೆಲಸ. ಮನೆ ಬದಲಾಯಿಸಿದರೆ ಮತ್ತೆ ನೋಂದಾಯಿಸಬೇಕು.

ಚುನಾವಣೆಗೆ ಮೊದಲು ಅನೇಕ ಚರ್ಚುಗಳು ತಮ್ಮ ಹಾಲ್‌ನಲ್ಲಿ ಎಲ್ಲ ಪಕ್ಷದ ಅಭ್ಯರ್ಥಿಗಳನ್ನು ಒಂದೇ ಮೇಜಿನ ಹಿಂದೆ ಕೂರಿಸಿ ಪ್ರಶ್ನೋತ್ತರ ಇಡುತ್ತವೆ. ಯಾವ ಧರ್ಮದವರೂ ಹೋಗಬಹುದು. ವೀಸಾ ಶುಲ್ಕ, ವೃದ್ಧಾಶ್ರಮದ ನೌಕರರ ಸಂಬಳ, ಬಾಡಿಗೆ, ಯಾವುದನ್ನಾದರೂ ಕೇಳಿ. ಓಟಿನ ದಿನ ಫೋಟೊ ಇರುವ ಗುರುತಿನ ಚೀಟಿ ಬೇಕೇ ಬೇಕು, 2023ರಿಂದ ಈ ನಿಯಮ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಶಿಫ್ಟ್ ಕೆಲಸದವರು ಅಂಚೆ ಓಟಿಗೆ ಮೊದಲೇ ಅರ್ಜಿ ಹಾಕಿಕೊಳ್ಳಿ.